ಸಮೋವಾರಿನ ಪಕ್ಕದ ಜಾಗ

ಎರ್ಮುಖಾನ್ ಇನ್ನೂ ಕೂಗಿರಲಿಲ್ಲ. ಬೂಟಿಗೆ ಪಾಲಿಶ್ ಹಚ್ಚುವಾಗ ಡಬ್ಬಿಯ ಮುಚ್ಚಳ ಉರುಳಿ ಸೋಫಾದ ಕೆಳಗೆ ಸೇರಿದಾಗಲೂ ಕೂಗಲಿಲ್ಲ. ಮಂಡಿಯೂರಿ, ಕೈ ಚಾಚಿ, ಧೂಳಿನ ಸಮೇತ ಅದನ್ನು ಎಳೆದು ತೆಗೆದ. ಆದರೆ ಎದ್ದು ನಿಂತಾಗ ಅವನ ಕುತ್ತಿಗೆಯ ಎಡಪಕ್ಕದ ನರ ಉಬ್ಬಿತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಮ್‌ಷಾತ್ ಗಂಡನ ಆ ನರವನ್ನು ನೋಡಿ ಒಳಗೆ ಸರಿದಳು. ಕಳೆದ ಒಂದು ವರ್ಷ ಅದು ಕಾಣಿಸಿಕೊಂಡಿರಲಿಲ್ಲ. ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೆ ನೀರಿದೆ ಎಂಬುದನ್ನು ಮರೆಯುವ ಹಾಗೆ ಅದು ಅಲ್ಲಿದೆ ಎಂಬುದನ್ನೇ ಅವಳು ಮರೆತಿದ್ದಳು. ಈಗ ಏಪ್ರಿಲ್. ಬಲ್ಖಾಷ್ ಸರೋವರದ ಮಂಜು ಒಡೆಯತೊಡಗಿತ್ತು. ಯಾರೋ ದೂರದಲ್ಲಿ ದೊಡ್ಡ ಹಲಗೆಯನ್ನು ಮುರಿದಂಥ ಸದ್ದು ಆಗಾಗ ಕಿಟಕಿಯ ಗಾಜಿನವರೆಗೆ ಬಂದು ನಿಲ್ಲುತ್ತಿತ್ತು.

ಮಧ್ಯಾಹ್ನ ಕೋರ್ಟು, ಅಮಲಿನಲ್ಲಿ ವ್ಯಾನು ಓಡಿಸಿದ ಆರೋಪ. ಲೈಸೆನ್ಸು ಹೋದರೆ ಏಳು ವರ್ಷಕ್ಕೆ ಹೋಯಿತು. ಬಲ್ಖಾಷಿನಿಂದ ಕರಗಂಡಿಗೆ ಜನರನ್ನು ಒಯ್ಯುವ ವ್ಯಾನು ಕೆಳಗೆ ಅಂಗಳದಲ್ಲಿ ನಿಂತು ಧೂಳು ತಿನ್ನುತ್ತಿತ್ತು. ಅದರ ಗಾಜಿನ ಮೇಲೆ ಯಾವುದೋ ಮಗು ಬೆರಳಲ್ಲಿ ಬೆಕ್ಕಿನ ಮುಖ ಬರೆದಿತ್ತು. ಅದಿಲ್ಲದಿದ್ದರೆ ಅವನಿಗೆ ಬೇರೆ ಯಾವ ಕೆಲಸವಿದೆ? ತಾಮ್ರದ ಕುಲುಮೆಗೆ ವಾಪಸು ಹೋಗುವಂತಿಲ್ಲ. ಗಂಧಕದ ಹೊಗೆ ಅವನ ಮೂಗನ್ನು ಸಾಯಿಸಿ, ಶ್ವಾಸಕೋಶವನ್ನು ಅರ್ಧ ತಿಂದ ಮೇಲೆ ಅಲ್ಲಿಯವರೇ ಅವನನ್ನು ಹೊರಗೆ ಕಳಿಸಿದ್ದರು. ಮೂಗು ಸತ್ತಿರುವುದನ್ನು ಅವನು ಮೊದಮೊದಲು ತಮಾಷೆ ಮಾಡುತ್ತಿದ್ದ. ‘ವ್ಯಾನಿನಲ್ಲಿ ಯಾರ ಕಾಲುಚೀಲ ಎಷ್ಟು ನಾತ ಹೊಡೆದ್ರೂ ನಂಗೇನು?’ ಎನ್ನುತ್ತಿದ್ದ. ಆ ತಮಾಷೆಗೆ ಅವಳು ನಗುತ್ತಿದ್ದಳು. ಆಮೇಲೆ ಆ ಸತ್ತ ಮೂಗು ಅವಳಿಗೆ ಅನುಕೂಲವಾಯಿತು.

“ಏನ್ ಟೀಚರಮ್ಮಾ, ಚಾ ಕೊಡ್ತೀಯೋ, ಇಲ್ಲ ಅದಕ್ಕೂ ಕೋರ್ಟಿಂದ ಆರ್ಡರ್ ತರ್ಬೇಕೋ?”

ಅವನು ತಗ್ಗುಮೇಜಿನ ಮುಂದೆ ಕೂತಾಗಿತ್ತು. ಅತ್ತೆ ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ, ಬಿಳಿ ತಲೆವಸ್ತ್ರದೊಳಗೆ ಮುಖ ಇಟ್ಟುಕೊಂಡು ಕೂತಿದ್ದರು. ಕಮ್‌ಷಾತ್ ಚಹಾದ ನೀರು ಕುದಿಸುವ ಸಮೋವಾರಿನ ಪಕ್ಕದ ತನ್ನ ಜಾಗಕ್ಕೆ ಬಂದಳು. ಮನೆಗೆ ಬಂದ ಸೊಸೆಯ ಜಾಗ ಅದು. ಅಲ್ಲಿ ಕೂತವಳು ಕಡೆಯ ಬಟ್ಟಲು ಮಗುಚುವವರೆಗೆ ಏಳುವಂತಿಲ್ಲ. ಅವಳು ಕಡು ಚಹಾ ಬಗ್ಗಿಸಿ, ಬಿಸಿನೀರು ಸೇರಿಸಿ, ಹಾಲು ಹಾಕಿ, ಅರ್ಧ ಬಟ್ಟಲು ಅವನ ಮುಂದಿಟ್ಟಳು. ಅರ್ಧ ಬಟ್ಟಲೇ. ಖಾಲಿಯಾದಂತೆ ಮತ್ತೆ ಅರ್ಧ. ಮದುವೆಯಾದ ಹೊಸತರಲ್ಲಿ, ಅಲ್ಮಾತಿಯ ಹಾಸ್ಟೆಲಿನಿಂದ ನೇರವಾಗಿ ಈ ಮನೆಗೆ ಬಂದ ರಸಾಯನಶಾಸ್ತ್ರದ ಪದವೀಧರೆ, ಪ್ರೀತಿ ತೋರಿಸಲೆಂದು ಮಾವನ ಬಟ್ಟಲನ್ನು ಅಂಚಿನವರೆಗೆ ತುಂಬಿಬಿಟ್ಟಿದ್ದಳು. ಮೇಜಿನ ಸುತ್ತ ಮಾತು ನಿಂತುಹೋಯಿತು. ಮಾವ ಕೈ ಒರೆಸಿಕೊಂಡು, “ಸೊಸೆ ನಂಗೆ ಎದ್ದು ಹೋಗು ಅಂತಿದಾಳೆ, ಸರಿ, ಕೋಟು ಕೊಡ್ರಪ್ಪ,” ಎಂದು ನಕ್ಕಿದ್ದರು. ಎಲ್ಲರೂ ನಕ್ಕರು. ಅತ್ತೆ ಮಾತ್ರ ಮೇಜಿನ ಕೆಳಗೆ ಅವಳ ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದ್ದರು. ಆ ಕೆಂಪು ಗುರುತು ಮಾಯಲು ಬಹಳ ದಿನ ಬೇಕಾಗಿತ್ತು. ಅಲ್ಲಿಂದೀಚೆಗೆ ಅವಳ ಕೈ ತಪ್ಪಿಲ್ಲ. ಯಾರಿಗೆ ಎಷ್ಟು ಹಾಲು, ಯಾರಿಗೆ ಎಷ್ಟು ಕಡು ಎಂಬುದು ಅವಳಿಗೆ ಮುಖ ನೋಡಿದರೆ ಬರುತ್ತಿತ್ತು. ಮಾವ ತೀರಿಕೊಂಡ ಮೇಲೆ ನಲವತ್ತನೇ ದಿನದ ಊಟಕ್ಕೆ ಬೀದಿಯೆಲ್ಲ ಬಂದಾಗ ಹೆಂಗಸರು ಅವಳ ಕೈಯನ್ನೇ ನೋಡುತ್ತಿದ್ದರು.

“ಹೊಟ್ಟೆ ತುಂಬ ತಿನ್ನು ಮಗಾ,” ಎಂದರು ಅತ್ತೆ, ಕರಿದ ಹಿಟ್ಟಿನುಂಡೆ ಬೌರ್ಸಾಕಿನ ತಟ್ಟೆಯನ್ನು ಅವನತ್ತ ತಳ್ಳುತ್ತ. “ಖಾಲಿ ಹೊಟ್ಟೇಲಿ ಹೋದವನ ಮುಖ ನೋಡಿದ್ರೆ ಜಡ್ಜಿಗೂ ಅನುಮಾನ ಬರುತ್ತೆ.”

“ಅನುಮಾನ ಬರೋಕೆ ನಾನೇನ್ ಮಾಡಿದೀನಿ?” ಧ್ವನಿ ಒಂದು ಮೆಟ್ಟಿಲು ಏರಿತು. ಕಮ್‌ಷಾತಳ ಭುಜಗಳು ತಾವಾಗಿ ಕಿವಿಯತ್ತ ಎದ್ದವು. ಅವನು ತಡೆದುಕೊಂಡ. ತಡೆದುಕೊಳ್ಳುವುದು ಅವಳಿಗೆ ಕಾಣಿಸಿತು. ದವಡೆ ಬಿಗಿದು, ಸಡಿಲಾಗಿ, ಮತ್ತೆ ಬಿಗಿಯಿತು. “ರೊಟ್ಟಿ ಹಿಡಿದು ಆಣೆ ಮಾಡಿದೀನಲ್ಲ. ಇನ್ನೇನು ಬೇಕು?”

ರೊಟ್ಟಿ ಹಿಡಿದೇ ಹೇಳಿದ್ದ. ಲ್ಯಾಬಿನ ಫಲಿತಾಂಶ ಬಂದ ಸಂಜೆ ಇದೇ ಮೇಜಿನ ಮೇಲಿದ್ದ ದುಂಡನೆಯ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿ, ‘ನಾನು ಯಾವ ಗುಳಿಗೇನೂ ನುಂಗಿಲ್ಲ, ಯಾವ ಹಾಳೂ ಸೇದಿಲ್ಲ, ಸುಳ್ಳಾದ್ರೆ ಇದು ನನ್ನ ಗಂಟಲಲ್ಲಿ ಇಳೀದಿರ್ಲಿ’ ಎಂದಿದ್ದ. ಇಳಿಯಿತು. ಅವನು ತಿಂದ, ಅತ್ತೆ ತಿಂದರು. ಕಮ್‌ಷಾತಳ ಬಾಯಿಯಲ್ಲಿ ಆ ತುಂಡು ಒದ್ದೆ ಬಟ್ಟೆಯ ಹಾಗೆ ಸುತ್ತುತ್ತಿತ್ತು. ಆಣೆ ಸತ್ಯವಾಗಿದ್ದರೆ ಶಾಪ ಯಾರ ಮೇಲೂ ಬೀಳುವುದಿಲ್ಲವೇ, ಅಥವಾ ಮೇಜಿನ ಸುತ್ತ ತಿರುಗಿ ತನ್ನ ಜಾಗ ಹುಡುಕಿಕೊಳ್ಳುತ್ತದೆಯೇ? ಆಗಲೇ ಅವನು ಕೇಳಿದ್ದು: “ನೀನು ಹೇಳು, ಈ ಬಾರ್ಬಿಟುರೇಟ್ ಅಂದ್ರೆ ಏನು? ನಿನ್ನ ಸಬ್ಜೆಕ್ಟು ತಾನೆ.” ಅವಳು ಹೇಳಿದಳು. ಅದು ಒಂದು ಆಮ್ಲದಿಂದ ಬರುವ ಗುಂಪು. ನಿದ್ರೆ ಬರಿಸುತ್ತದೆ, ನರಗಳನ್ನು ಶಾಂತಗೊಳಿಸುತ್ತದೆ, ಮೈಯಲ್ಲಿ ಬಹಳ ದಿನ ಉಳಿಯುತ್ತದೆ. ಹತ್ತನೇ ತರಗತಿಗೆ ಹೇಳುವಂತೆ, ಒಂದು ಪದವೂ ತಪ್ಪಿಲ್ಲದೆ. ಒಂದು ಪದವೂ ಸುಳ್ಳಲ್ಲ. “ಅದು ನಂಗೆಲ್ಲಿ ಸಿಗುತ್ತೆ?” ಎಂದು ಅವನು ಕೇಳಿದ್ದಕ್ಕೆ, “ಅಂಗಡಿಯಲ್ಲಿ ಚೀಟಿ ಇಲ್ಲದೆ ಶುದ್ಧ ರೂಪದಲ್ಲಿ ಸಿಗುವುದಿಲ್ಲ,” ಎಂದಿದ್ದಳು. ಶುದ್ಧ ರೂಪದಲ್ಲಿ. ಆ ಎರಡು ಪದಗಳನ್ನು ಎಷ್ಟು ಎಚ್ಚರದಿಂದ ಆರಿಸಿದ್ದಳೋ, ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

ಅವನು ಅಂಗಿ ಬದಲಿಸಲು ಎದ್ದ ಕೂಡಲೇ ಅತ್ತೆ ಸಮೋವಾರಿನ ಮೇಲಿಂದ ಬಾಗಿದರು.

“ಇವತ್ತೊಂದಿನ ಹಾಕು. ಅಲ್ಲಿ ಹೋಗಿ ಜಡ್ಜಿನ ಮೇಲೇ ರೇಗಿದ್ರೆ?”

“ಅಪಾ, ಅವರ ರಕ್ತದಲ್ಲಿ ಸಿಕ್ಕಿದ್ದು ಅದೇ.” ಅತ್ತೆಯನ್ನು ಅವಳು ಅಪಾ ಎಂದೇ ಕರೆಯುತ್ತಿದ್ದಳು.

“ಶ್! ಅದೇನು ವಿಷವಾ? ನಾನು ನಿನ್ನ ವಯಸ್ಸಿನಿಂದ ಕುಡೀತಾ ಇದೀನಿ, ಸತ್ತಿದೀನಾ? ಈ ಊರಲ್ಲಿ ಆ ಹನಿ ಇಲ್ಲದ ಮನೆ ತೋರ್ಸು. ಹೆಣದ ಮನೇಲಿ ಕೊಡ್ತಾರೆ, ಮದುವೆ ಮನೇಲಿ ಕೊಡ್ತಾರೆ.” ಅತ್ತೆಯ ಉಸಿರಿನಲ್ಲೇ ಅದರ ವಾಸನೆಯಿತ್ತು, ಪುದೀನ ಮತ್ತು ಯಾವುದೋ ಹಳೆಯ ಪೀಠೋಪಕರಣದ ವಾಸನೆ. ಈ ಮನೆಯ ಪರದೆಗಳಲ್ಲಿ, ದಿಂಬುಗಳಲ್ಲಿ, ಮಗಳು ಇನ್‌ಝುವಿನ ಕೂದಲಲ್ಲಿ ಕೂಡ ಅದೇ ವಾಸನೆ. “ನೋಡು, ಅಲ್ಲಿ ಹನಿ ಬಗ್ಗೆ ಬಾಯಿ ಬಿಟ್ಟೀಯ, ಜೋಕೆ. ಲೈಸೆನ್ಸು ಹೋದ್ರೆ ಲೈಸೆನ್ಸು ಹೋಯ್ತು. ಇದು ಗೊತ್ತಾದ್ರೆ ಮಗನೇ ಹೋಗ್ತಾನೆ.”

ಯಾರ ಮಗ ಎಂದು ಕಮ್‌ಷಾತ್ ಕೇಳಬಹುದಿತ್ತು. ಕಳೆದ ವಸಂತದಲ್ಲಿ ಕರಗಂಡಿಯಿಂದ ವಾಪಸು ಬರುವಾಗ ಅವಳು ‘ಸ್ವಲ್ಪ ನಿಧಾನ’ ಎಂದಿದ್ದಳು, ಅಷ್ಟೇ. ಹಿಂದಿನ ಸೀಟಿನಲ್ಲಿ ಇನ್‌ಝು ಮಾತ್ರ ಇದ್ದಳು, ಬೇರೆ ಯಾರೂ ಇರಲಿಲ್ಲ. ಅವನು ವೇಗ ಹೆಚ್ಚಿಸಿ, ಎರಡೂ ಕೈಗಳನ್ನು ಸ್ಟಿಯರಿಂಗಿನಿಂದ ಎತ್ತಿ, ಮೊಳಕೈ ಮಡಚಿ, ಶರಣಾದವನಂತೆ ಹಿಡಿದು ಹೇಳಿದ್ದ: “ನೋಡು, ಬಿಟ್ಟೆ. ಈಗ ನೀನೇ ಓಡ್ಸು.” ಎದುರಿನಿಂದ ಕಲ್ಲಿದ್ದಲಿನ ಲಾರಿ. ದಾರಿ ನೇರವಾಗಿತ್ತು, ವ್ಯಾನು ತಾನಾಗಿ ಸ್ವಲ್ಪ ಸ್ವಲ್ಪವೇ ಲಾರಿಯ ಕಡೆಗೆ ವಾಲುತ್ತಿತ್ತು, ಏನೂ ಅವಸರವಿಲ್ಲದಂತೆ. ಅವನು ಅವಳ ಮುಖವನ್ನು ನೋಡುತ್ತಿದ್ದ, ದಾರಿಯನ್ನಲ್ಲ. ಅವಳು ‘ತಪ್ಪಾಯಿತು’ ಎಂದಳು. ಏನು ತಪ್ಪು ಎಂದು ಗೊತ್ತಿಲ್ಲದೆಯೇ ಎಂದಳು, ಆಮೇಲೆ ಅವನು ಸ್ಟಿಯರಿಂಗ್ ಹಿಡಿದ. ಸೀಟು ಒದ್ದೆಯಾಗಿತ್ತು. ಮನೆಗೆ ಬಂದು ಮಗುವಿನ ಬಟ್ಟೆ ಒಗೆಯುತ್ತಿದ್ದಾಗ ಅತ್ತೆ ಏನೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಕಂದು ಸೀಸೆಯನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದರು. “ನಿನ್ನ ಮಾವನನ್ನ ಊರೆಲ್ಲ ಹಾಲಿನಂಥ ಮನುಷ್ಯ ಅಂತಿತ್ತಲ್ಲ, ಅವರೇನು ಹುಟ್ಟಿದಾಗಿಂದ ಹಾಲಾಗಿದ್ರಾ? ನಾನು ಮಾಡಿದ್ದು. ನಂಗೆ ನಮ್ಮತ್ತೆ ಹೇಳ್ಕೊಟ್ಟಿದ್ದು.” ಅಂದಿನಿಂದ ಚಹಾದ ಪಾತ್ರೆಗೆ ಒಣ ಪುದೀನ ಬಿತ್ತು, ಹೊಟ್ಟೆಗೆ ಒಳ್ಳೆಯದೆಂದು. ಅವನ ಬಟ್ಟಲಿಗೆ ಮಾತ್ರ, ಸಮೋವಾರಿನ ಹೊಟ್ಟೆಯ ಮರೆಯಲ್ಲಿ, ಹನಿ.

ಅವಳು ಸೀಸೆಯ ಮೇಲಿನ ಸಣ್ಣಕ್ಷರ ಓದಿದ್ದಳು. ಇದು ಅತ್ತೆಗೆ ಗೊತ್ತಿಲ್ಲದ ಸಂಗತಿ, ಅವಳಿಗೆ ಮಾತ್ರ ಗೊತ್ತಿದ್ದದ್ದು. ಫಿನೋಬಾರ್ಬಿಟಾಲ್ ಎಂಬ ಹೆಸರೂ, ವಾಹನ ಓಡಿಸುವವರು ಸೇವಿಸಬಾರದು ಎಂಬ ಸಾಲೂ ಅಲ್ಲಿತ್ತು. ಓದಿ, ಮತ್ತೊಮ್ಮೆ ಓದಿ, ಹತ್ತು ಹನಿ ಹಾಕಿದಳು. ಬೇಸಿಗೆಯಲ್ಲಿ ಹದಿನೈದು. ಚಳಿಗಾಲದ ಹೊತ್ತಿಗೆ ಎಣಿಸುವುದನ್ನೇ ಬಿಟ್ಟಿದ್ದಳು. ಮತ್ತು ಮನೆ ಎಂಥ ಮನೆಯಾಯಿತು! ಇನ್‌ಝು ಸ್ನಾನದ ಮನೆಯಲ್ಲಿ ಹಾಡತೊಡಗಿದಳು. ಅವನು ರಾತ್ರಿಯೂಟದ ಮೇಲೆ ತಟ್ಟೆ ಎತ್ತಿಡುತ್ತಿದ್ದ. ಒಮ್ಮೆ, ಮಗಳಿಗೆ ಜಡೆ ಹಾಕಲು ಪ್ರಯತ್ನಿಸುತ್ತ, ತಲೆ ಎತ್ತಿ ಹೇಳಿದ್ದ: “ಕಮ್‌ಷಾ, ನಾನು ಅಪ್ಪನ ಥರ ಆಗ್ತಿದೀನಿ ಅನ್ಸುತ್ತೆ. ಅವರೂ ಈ ವಯಸ್ಸಲ್ಲೇ ಅಲ್ವಾ ತಣ್ಣಗಾಗಿದ್ದು?” ಅವನ ಮುಖದಲ್ಲಿ ನಾಚಿಕೆಯಂಥ ಹೆಮ್ಮೆಯಿತ್ತು. ಅವಳು ಹೌದೆಂದು ತಲೆಯಾಡಿಸಿದ್ದಳು. ಆ ತಲೆಯಾಡಿಸುವಿಕೆ ಮತ್ತು ಈ ಹನಿ, ಎರಡರಲ್ಲಿ ಯಾವುದು ದೊಡ್ಡದು ಎಂದು ಅವಳು ಈಗಲೂ ತೂಗಿ ನೋಡುತ್ತಾಳೆ.

“ಇಲ್ಲ ಅಪಾ,” ಎಂದಳು ಕಮ್‌ಷಾತ್. ಲ್ಯಾಬಿನ ಫಲಿತಾಂಶ ಬಂದಾಗಿನಿಂದ ಅವಳು ಹನಿ ಹಾಕಿರಲಿಲ್ಲ. ಅತ್ತೆಗೆ ಅವಳು ಇಲ್ಲ ಎಂದದ್ದು ಬಹುಶಃ ಅದೇ ಮೊದಲು. ಅತ್ತೆ ಬಟ್ಟಲನ್ನು ಮಗುಚಿಟ್ಟರು.

ಕೆಳಗೆ ವಿತ್ಯಾ ಹಾರ್ನ್ ಹೊಡೆದ. ಅದೇ ದಾರಿಯಲ್ಲಿ ವ್ಯಾನು ಓಡಿಸುವ ರಷ್ಯನ್ ಗೆಳೆಯ. ಇವತ್ತು ತನ್ನ ಹಳೆಯ ಕಾರು ತಂದಿದ್ದ. ಎರ್ಮುಖಾನ್ ಮುಂದೆ ವಿತ್ಯಾನ ಪಕ್ಕದ ಸೀಟಿನಲ್ಲಿ ಕೂತು ಕಾಲು ಎಲ್ಲಿಡಬೇಕೆಂದು ತಿಳಿಯದವನಂತೆ ಒದ್ದಾಡಿದ. ಪ್ರತಿ ತಿರುವಿನಲ್ಲೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಮ್‌ಷಾತ್ ಹಿಂದೆ ಕೂತು ಅದನ್ನೇ ನೋಡುತ್ತಿದ್ದಳು.

“ಆ ಸಗಿಂದಿಕ್‌ಗೆ ನಾನು ಗೊತ್ತಿಲ್ವಾ ವಿತ್ಯಾ? ಎಷ್ಟು ವರ್ಷದಿಂದ ಆ ಚೌಕೀಲಿ ನಿಂತಿದಾನೆ. ಪ್ರತಿ ಸಲ ನಿಲ್ಸಿದಾಗ್ಲೂ ಅವನ ಮುತ್ತಾತನವರೆಗೂ ಬೈದಿದೀನಿ. ಅವತ್ತು ಬೈಲಿಲ್ಲ. ಕಾಗದ ಕೊಟ್ಟೆ. ‘ಚಳೀಲಿ ನಿಂತಿದೀಯಲ್ಲೋ ಸಾಹೇಬ, ಮಕ್ಕಳು ಚೆನ್ನಾಗಿದಾರಾ?’ ಅಂದೆ. ಅಷ್ಟೇ! ಅಷ್ಟಕ್ಕೇ ಟಾರ್ಚ್ ತೆಗೆದು ಕಣ್ಣಿಗೆ ಹಿಡಿದ. ‘ಎರ್ಮುಖಾನ್, ಏನ್ ತಗೊಂಡಿದೀಯ?’ ಅಂತ.”

ವಿತ್ಯಾ ಬಿದ್ದು ಬಿದ್ದು ನಕ್ಕ. “ಬೈದಿದ್ರೆ ಬಿಟ್ಟಿರ್ತಿದ್ದ! ಬರ್ಕೊಳ್ಳಪ್ಪಾ: ಆರೋಪಿ ನಮಸ್ಕಾರ ಹೇಳಿದ, ತೀವ್ರ ಅಮಲಿನ ಲಕ್ಷಣ.”

ಎರ್ಮುಖಾನನೂ ನಕ್ಕ. ನಗು ಅರ್ಧಕ್ಕೆ ತುಂಡಾಯಿತು. “ಕುಡಿದಿದೀಯಾ ಅಂತ ಆ ಕೊಳಲು ಊದಿಸಿದ. ಸೊನ್ನೆ ಬಂತು. ಬಿಡಬೇಕು ತಾನೆ? ಬಿಡಲಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋದ. ಕೊಳಲಿಗೂ ಕಾಣದ್ದು ನಿನ್ನಲ್ಲಿದೆ ಅಂದ. ಮನುಷ್ಯ ಒಳ್ಳೆಯವನಾದ್ರೆ ಪೊಲೀಸಿಗೆ ಅನುಮಾನ.”

“ಕೇಳು ಎರಾ, ನನ್ನ ಮಾತು. ಎದೆ ನೋಯ್ತಿತ್ತು, ಅಮ್ಮನ ಹನಿ ಕುಡ್ದೆ ಅಂತ ಹೇಳ್ಬಿಡು. ಎಲ್ಲರೂ ಅದನ್ನೇ ಹೇಳೋದು. ಒಂದೊಂದ್ಸಲ ಜಡ್ಜ್ ಕರಗ್ತಾರೆ.”

“ಕುಡೀದೇ ಇದ್ದದ್ದನ್ನ ಕುಡ್ದೆ ಅನ್ನಲಾ? ರೊಟ್ಟಿ ಮುಟ್ಟಿದೀನಿ.”

“ರೊಟ್ಟಿ ಮಾತು ಬಿಡು. ಜನವರೀಲಿ ನಾನು ನಿನ್ನ ಹಿಂದೇನೇ ಬರ್ತಿದ್ದೆ. ನಿನ್ನ ವ್ಯಾನು ಆರಾಮಾಗಿ ದಾರಿಯ ಅಂಚಿಗೆ ಹೋಗ್ತಿತ್ತು. ನಾನು ಹಾರ್ನ್ ಹೊಡೆದ ಮೇಲೆ ತಾನೆ ನೀನು ಎದ್ದದ್ದು? ಸುಸ್ತಾಗಿತ್ತು ಅಂದಿದ್ದೆ.”

“ಸುಸ್ತಾಗಿತ್ತು.”

ಕಮ್‌ಷಾತ್ ಮುಂದಿನ ಸೀಟಿನ ಬೆನ್ನನ್ನು ಹಿಡಿದಳು. ಇದು ಅವಳಿಗೆ ಗೊತ್ತಿರಲಿಲ್ಲ. ಆ ದಿನ ವ್ಯಾನಿನಲ್ಲಿ ಯಾರಿದ್ದರು? ಕರಗಂಡಿಯ ಆಸ್ಪತ್ರೆಗೆ ಹೋಗುವ ಬಸುರಿಯರು, ಕಾಲೇಜಿನ ಹುಡುಗಿಯರು, ಹೊಗೆಯಾಡಿಸಿದ ಮೀನನ್ನು ಕಾಗದದಲ್ಲಿ ಸುತ್ತಿಕೊಂಡು ಮಗಳ ಮನೆಗೆ ಹೊರಟ ಮುದುಕಿ. ಅವಳು ತನ್ನ ಮಗುವನ್ನು ಒಂದು ಲಾರಿಯಿಂದ ತಪ್ಪಿಸಲು ಬೇರೆಯವರ ಮಕ್ಕಳನ್ನು ಅವನ ಮುಚ್ಚುವ ಕಣ್ಣಿನ ಹಿಂದೆ ಕೂರಿಸಿದ್ದಳು. ಕೈಬಿಟ್ಟು ಓಡಿಸುವವನನ್ನು ಯಾವ ಕೊಳಲೂ ಹಿಡಿಯುವುದಿಲ್ಲ. ಅದಕ್ಕೆ ಕಾನೂನಿಲ್ಲ, ಅದಕ್ಕೆ ರಕ್ತಪರೀಕ್ಷೆಯಿಲ್ಲ. ಹಾಗಾದರೆ ಸಗಿಂದಿಕ್ ಹಿಡಿದದ್ದು ಸರಿಯೇ. ಅವನು ಟಾರ್ಚನ್ನು ತಪ್ಪು ಮುಖಕ್ಕೆ ಹಿಡಿದಿದ್ದ, ಅಷ್ಟೆ. ಹೊರಗೆ ಕುಲುಮೆಯ ಚಿಮಣಿಗಳು ಹೊಗೆಯನ್ನು ಸರೋವರದತ್ತ ಮಲಗಿಸುತ್ತಿದ್ದವು. ಅವಳು ಗಾಜು ಇಳಿಸಲು ಹೋದಳು. ಹಿಂದಿನ ಬಾಗಿಲಿನ ಹಿಡಿ ಮುರಿದಿತ್ತು.

ಕೋರ್ಟಿನ ಕೋಣೆ ಶಾಲೆಯ ಉಪಾಧ್ಯಾಯರ ಕೋಣೆಗಿಂತ ದೊಡ್ಡದಿರಲಿಲ್ಲ. ನ್ಯಾಯಾಧೀಶೆ ಅವಳದೇ ವಯಸ್ಸಿನ ಹೆಂಗಸು, ಶೀತವಾಗಿತ್ತು, ಕರವಸ್ತ್ರವನ್ನು ತೋಳಿನೊಳಗೆ ತುರುಕಿಕೊಂಡಿದ್ದರು. ಆಸ್ಪತ್ರೆಯ ಕಾಗದ, ಲ್ಯಾಬಿನ ಕಾಗದ, ಅವನ ಶ್ವಾಸಕೋಶದ ಕಾಗದ ಓದಿದರು. ಎರ್ಮುಖಾನ್ ಎದ್ದು ನಿಂತು, ಮನೆಯಲ್ಲಿ ಅಭ್ಯಾಸ ಮಾಡಿದ್ದನ್ನು ಹೇಳಿದ. ತಾನು ಏನನ್ನೂ ತೆಗೆದುಕೊಂಡಿಲ್ಲ, ಒಂದು ವರ್ಷದಿಂದ ಬೇರೆ ಮನುಷ್ಯನಾಗಿದ್ದೇನೆ, ಬೇಕಿದ್ದರೆ ಹೆಂಡತಿಯನ್ನು ಕೇಳಿ. ಹಾಗೆ ಅವಳನ್ನು ಕರೆದರು. ಮೇಜಿನ ಅಂಚನ್ನು ಹಿಡಿಯಬಾರದೆಂದು ಅವಳು ಕೈಗಳನ್ನು ಚೀಲದ ಮೇಲಿಟ್ಟಳು.

“ಮನೇಲಿ ಔಷಧಿ ಏನೇನಿದೆ?”

“ಮಗುವಿನ ಜ್ವರದ್ದು. ಅತ್ತೆಯ ರಕ್ತದೊತ್ತಡದ ಮಾತ್ರೆ. ಅತ್ತೆಯ ಹೃದಯದ ಹನಿ.”

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. “ನಿಮ್ಮ ಯಜಮಾನರು ಆ ಹನಿ ತಗೊಳ್ತಾರಾ?”

“ಅವರು ತಗೊಂಡಿಲ್ಲ.”

ಮತ್ತೆ ಸತ್ಯ. ಅವಳ ಬಾಯಿಂದ ಸತ್ಯವಲ್ಲದೆ ಬೇರೇನೂ ಬರುವುದಿಲ್ಲ.

“ನೋಡಮ್ಮ,” ಎಂದರು ನ್ಯಾಯಾಧೀಶೆ, ಮೂಗು ಒರೆಸಿಕೊಂಡು, ಬೇರೆಯದೇ ಧ್ವನಿಯಲ್ಲಿ, ಮೆಟ್ಟಿಲಲ್ಲಿ ಸಿಕ್ಕ ನೆರೆಯವಳಂತೆ. “ಇದನ್ನ ನಾನು ವಾರ ವಾರ ಕೇಳ್ತೀನಿ. ನಮ್ಮ ಮನೆಗಳಲ್ಲಿ ಆ ಸೀಸೆ ಉಪ್ಪಿನ ಪಕ್ಕದಲ್ಲೇ ಇರುತ್ತೆ. ವಯಸ್ಸಾದವರು ತಮ್ಮ ಚಾಗೆ ಹಾಕ್ಕೊಂಡಿರ್ತಾರೆ, ಬಟ್ಟಲು ಅದಲು ಬದಲಾಗುತ್ತೆ. ಇವರಿಗೆ ಗೊತ್ತಿಲ್ಲದೆ ಹೊಟ್ಟೆಗೆ ಹೋಗಿದ್ರೆ ನಾನು ಬೇರೆ ಥರ ಯೋಚನೆ ಮಾಡ್ಬೇಕಾಗುತ್ತೆ. ಹಾಗೇನಾದ್ರೂ ಆಗಿರ್ಬಹುದಾ? ಅವಸರ ಬೇಡ. ಚಾ ಹಾಕೋದು ನೀವೇ ತಾನೆ?”

ಬಾಗಿಲು ತೆರೆದಿತ್ತು. ಅಷ್ಟು ಸುಲಭವಾಗಿ, ಅಷ್ಟು ಕರುಣೆಯಿಂದ. ಒಂದು ಸಣ್ಣ ಸುಳ್ಳು: ಹೌದು, ಕೈ ತಪ್ಪಿರಬಹುದು. ಲೈಸೆನ್ಸು ಉಳಿಯುತ್ತದೆ. ಮಗನೂ ಉಳಿಯುತ್ತಾನೆ. ಅವಳು ಮನೆಗೆ ಹೋಗಿ ಸೀಸೆಯನ್ನು ಕಸದ ಬುಟ್ಟಿಗೆ ಹಾಕುತ್ತಾಳೆ, ಅವನು ಮತ್ತೆ ವ್ಯಾನು ಹತ್ತುತ್ತಾನೆ, ಮತ್ತೆ ಆ ನರ, ಮತ್ತೆ ನೇರ ದಾರಿ, ಮೇಲಕ್ಕೆತ್ತಿದ ಎರಡು ಕೈ. ಅಥವಾ ಹಾಕುವುದಿಲ್ಲ. ಅವಳು ಬಾಯಿ ತೆರೆದಳು.

“ಇಲ್ಲ ಮೇಡಂ.” ಹಿಂದಿನಿಂದ ಎರ್ಮುಖಾನನ ಧ್ವನಿ. ಅವನು ಎದ್ದು ನಿಂತಿದ್ದ. “ನಮ್ಮಪ್ಪನ ನಲವತ್ತರ ಊಟಕ್ಕೆ ಊರೇ ಬಂದಿತ್ತು. ಒಬ್ಬರ ಬಟ್ಟಲೂ ಇನ್ನೊಬ್ಬರಿಗೆ ಹೋಗ್ಲಿಲ್ಲ. ಯಾರನ್ನಾದ್ರೂ ಕೇಳಿ. ಲೈಸೆನ್ಸು ಬೇಕು ಅಂತ ನಾನು ಇವಳ ಕೈ ಮೇಲೆ ತಪ್ಪು ಹೊರಿಸಲ್ಲ. ಇವಳ ಕೈ ತಪ್ಪೋದಿಲ್ಲ.”

ಅವನ ದನಿ ಏರಿರಲಿಲ್ಲ. ಹನಿಯಿಲ್ಲದೆ, ತಾನಾಗಿ, ತಣ್ಣಗೆ, ಗಂಭೀರವಾಗಿ ಮಾತಾಡಿದ್ದ. ಮದುವೆಯ ದಿನದಿಂದ ಅವಳು ಅವನ ಬಾಯಿಂದ ಕೇಳಿದ ಅತ್ಯಂತ ಒಳ್ಳೆಯ ಮಾತು ಇದೇ ಇರಬೇಕು.

“ಹೌದೇನಮ್ಮ?” ಎಂದರು ನ್ಯಾಯಾಧೀಶೆ.

“ಹೌದು,” ಎಂದಳು ಕಮ್‌ಷಾತ್. “ನನ್ನ ಕೈ ತಪ್ಪಲಿಲ್ಲ.”

ನ್ಯಾಯಾಧೀಶೆ ಕರವಸ್ತ್ರವನ್ನು ಮತ್ತೆ ತೋಳಿನೊಳಗೆ ತುರುಕಿಕೊಂಡರು. ಆಮೇಲೆ ಪೆನ್ನು ತೆಗೆದುಕೊಂಡರು. ಶ್ವಾಸಕೋಶದ ಕಾಗದ ನೋಡಿ ಕೂಡಿಹಾಕುವ ಶಿಕ್ಷೆ ಕೈಬಿಟ್ಟರು. ಲೈಸೆನ್ಸು, ಏಳು ವರ್ಷ.

ವಾಪಸು ಬರುವಾಗ ಅವನು ಕೂಗುತ್ತಾನೆಂದು ಅವಳು ಕಾದಳು. ವಿತ್ಯಾನೂ ಕಾಯುತ್ತಿದ್ದನೇನೋ, ರೇಡಿಯೋ ಹಾಕಲಿಲ್ಲ. ಎರ್ಮುಖಾನ್ ಕೂಗಲಿಲ್ಲ. ಅವನ ಕಾಲು ಈಗ ಬ್ರೇಕು ಒತ್ತುತ್ತಿರಲಿಲ್ಲ. ಒಮ್ಮೆ ಮಾತ್ರ, ಮೀನಿನ ಅಂಗಡಿಗಳ ಸಾಲು ದಾಟುವಾಗ, ತನಗೆ ತಾನೇ ಎನ್ನುವಂತೆ, “ಉಪ್ಪಿನ ಪಕ್ಕದಲ್ಲಿ,” ಎಂದ.

ಮನೆಯಲ್ಲಿ ಬೂಟು ಬಿಚ್ಚದೆ ನೇರ ಅಡಿಗೆಮನೆಗೆ ಹೋದ. ಕಪಾಟು ತೆರೆದ. ಸೀಸೆ ಉಪ್ಪಿನ ಪಕ್ಕದಲ್ಲೇ ಇತ್ತು. ಅತ್ತೆ ಒಮ್ಮೆ ಬಾಗಿಲವರೆಗೆ ಬಂದು, ಅವನ ಕೈಯಲ್ಲಿದ್ದದ್ದನ್ನು ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು ತಮ್ಮ ಕೋಣೆಗೆ ಹೋಗಿ ಕದ ಹಾಕಿಕೊಂಡರು. ಅವನು ಮುಚ್ಚಳ ತಿರುಗಿಸಿ ಸೀಸೆಯನ್ನು ಮೂಗಿಗೆ ಹಿಡಿದ. ಏನೂ ಬಾರದು. ಆಮೇಲೆ ಅದನ್ನು ಬಗ್ಗಿಸಿ ಒಂದು ಹನಿಯನ್ನು ಬೆರಳಿಗೆ ಹಾಕಿಕೊಂಡು ನಾಲಿಗೆಗೆ ಇಟ್ಟ. ಸತ್ತದ್ದು ಮೂಗು, ನಾಲಿಗೆಗೆ ಕಹಿ ಇನ್ನೂ ತಿಳಿಯುತ್ತಿತ್ತು. ಅವನು ಕಣ್ಣು ಮುಚ್ಚಿದ. ಒಂದು ವರ್ಷದ ಬೆಳಗುಗಳು ಅವನ ನಾಲಿಗೆಯ ಮೇಲೆ ಒಂದೊಂದಾಗಿ ಬಂದು ಕೂರುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಕೋಟು ಇನ್ನೂ ಮೈಮೇಲಿತ್ತು. ಕಳಚಬೇಕೋ ಬೇಡವೋ ತಿಳಿಯಲಿಲ್ಲ.

ಅವನು ಬಂದು ತಗ್ಗುಮೇಜಿನ ಮುಂದೆ ಕೂತ. ತನ್ನ ಜಾಗದಲ್ಲಲ್ಲ, ಸಮೋವಾರಿನ ಪಕ್ಕದಲ್ಲಿ. ಅವಳು ಎದುರಿಗೆ ಕೂತಳು. ಅವಳಿಗೆ ಉಳಿದದ್ದು ಅದೊಂದೇ ಜಾಗ.

“ಅಪ್ಪನ ಗೋರಿಗೆ ಕಲ್ಲು ನಿಲ್ಲಿಸಿದ ದಿನ,” ಎಂದ. “ಅಣ್ಣ ಎಲ್ಲರ ಮುಂದೆ ನನ್ನನ್ನ ಡ್ರೈವರ್ ನನ್ಮಗ ಅಂದ. ನಾನು ಸುಮ್ಮನಿದ್ದೆ. ಎಲ್ಲರೂ ಹೊಗಳಿದ್ರು. ಅವತ್ತೂ?”

“ಹೂಂ.”

“ಇನ್‌ಝು ನನ್ನ ಫೋನನ್ನ ಬಕೆಟ್ಟಿಗೆ ಹಾಕಿದ್ಲು. ನಾನು ನಕ್ಕೆ.”

“ಹೂಂ.”

“ಜಡೆ ಹಾಕಿದ ದಿನ. ನಾನು ನಿನ್ನ ಹತ್ರ ಏನೋ ಹೇಳಿದೆ.”

ಅವಳಿಗೆ ಹೂಂ ಎನ್ನಲಾಗಲಿಲ್ಲ. ಅವನು ಕಾಯಲಿಲ್ಲ. ಸಮೋವಾರಿನ ಗುಂಡಿ ಒತ್ತಿದ. ಅದು ಸಣ್ಣಗೆ ಗುಂಯ್ ಎನ್ನತೊಡಗಿತು. ನರ ಎದ್ದಿರಲಿಲ್ಲ. ಅವಳು ಅದನ್ನೇ ಹುಡುಕುತ್ತಿದ್ದಳು, ಬೇಡುತ್ತಿದ್ದಳು ಎನ್ನಬೇಕು. ಅವನು ಕೂಗಿದ್ದರೆ ಅವಳಿಗೆ ಏನು ಮಾಡಬೇಕೆಂದು ಗೊತ್ತಿತ್ತು.

“ಹಿಮದ ಮೇಲೆ ಮೀನು ಹಿಡಿಯೋಕೆ ಹೋದ್ವಲ್ಲ, ಮೂವರೂ. ನಿನ್ನ ಕಾಲು ಜಾರಿತು ಅಂತ ದಡದವರೆಗೂ ಹೊತ್ಕೊಂಡು ಬಂದೆ. ನೀನು ನನ್ನ ಕಿವೀಲಿ ನಗ್ತಿದ್ದೆ.” ಮೊದಲ ಸಲ ಅವನು ಅವಳ ಕಣ್ಣನ್ನು ನೋಡಿದ. “ಅಲ್ಲಿ ಸಮೋವಾರ್ ಇರ್ಲಿಲ್ಲ.”

“ಇಲ್ಲ,” ಎಂದಳು ಬೇಗ. “ಅವತ್ತು ಇಲ್ಲ.”

ಅವನ ಮುಖದಲ್ಲಿ ಏನೋ ಸಡಿಲಾಗುವುದಿತ್ತು. ಅಷ್ಟರಲ್ಲಿ ಇಬ್ಬರಿಗೂ ಒಟ್ಟಿಗೇ ಕೆಂಪು ಫ್ಲಾಸ್ಕು ನೆನಪಾಯಿತು. ಮಂಜಿನ ತೂತಿನ ಪಕ್ಕದಲ್ಲಿ, ಮಗುವಿನ ಕೈಗವಸಿನ ಮೇಲೆ ಇಟ್ಟಿದ್ದು. ಹೊರಡುವ ಮೊದಲು ಮನೆಯಲ್ಲಿ ಅದನ್ನು ತುಂಬಿದ ಕೈ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಆ ದಿನ ಹಾಕಿದ್ದೆನೋ ಇಲ್ಲವೋ, ಎಷ್ಟೇ ಹಿಂದಕ್ಕೆ ಹೋದರೂ ಬೆರಳುಗಳಿಗೆ ಗೊತ್ತಾಗಲಿಲ್ಲ. ಇಲ್ಲ ಎಂದದ್ದು ಸತ್ಯವೂ ಇರಬಹುದಿತ್ತು. ಈಗ ಅದರಿಂದ ಉಪಯೋಗವಿರಲಿಲ್ಲ.

ಅವನು ಅವಳ ಬಟ್ಟಲನ್ನು ಎಳೆದುಕೊಂಡ. ಕಡು ಚಹಾ ಬಗ್ಗಿಸಿದ; ಗಂಡಸಿನ ದಪ್ಪ ಬೆರಳುಗಳಿಗೆ ಆ ಪುಟ್ಟ ಹಿಡಿ ಸಿಕ್ಕದೆ ಮೇಜಿನ ಮೇಲೆ ಚೆಲ್ಲಿತು. ಸಮೋವಾರಿನ ನಲ್ಲಿ ತಿರುಗಿಸಿದ. ಅರ್ಧಕ್ಕೆ ಬಂದಾಗ ನಿಲ್ಲಿಸುತ್ತಾನೆಂದು ಅವಳು ನೋಡಿದಳು. ನಿಲ್ಲಿಸಲಿಲ್ಲ. ನೀರು ಏರಿತು, ಬಟ್ಟಲಿನ ನೀಲಿ ಹೂಗಳನ್ನು ದಾಟಿತು, ಚಿನ್ನದ ಗೆರೆಯನ್ನು ಮುಟ್ಟಿತು, ಅಂಚಿನ ಮೇಲೆ ಉಬ್ಬಿ ನಡುಗುತ್ತ ನಿಂತಿತು. ಹಾಲಿಗೆ ಜಾಗವಿರಲಿಲ್ಲ. ಎರಡೂ ಕೈಯಲ್ಲಿ, ಬಹಳ ಜೋಪಾನವಾಗಿ, ಅದನ್ನು ಅವಳ ಮುಂದಕ್ಕೆ ಸರಿಸಿದ.

“ಕುಡಿ,” ಎಂದ. ಮೆತ್ತಗೆ.

ಜೀವಮಾನದಲ್ಲಿ ಅವನು ಯಾರಿಗೂ ಚಹಾ ಬಗ್ಗಿಸಿದವನಲ್ಲ. ಆ ಕೈಗೆ ಅಳತೆ ಗೊತ್ತಿಲ್ಲದೆ ಇರಬಹುದು. ಅಥವಾ ಅವನು ಇದೇ ಮೇಜಿನಲ್ಲಿ ಹುಟ್ಟಿ ಬೆಳೆದವನು, ತುಂಬಿದ ಬಟ್ಟಲು ಕಂಡು ಅಪ್ಪ ಕೋಟು ಕೇಳಿದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು. ಕೇಳುವ ಹಾಗಿಲ್ಲ. ಒಳಕೋಣೆಯಿಂದ ಅತ್ತೆ ನರಳುತ್ತಿದ್ದರು, ಯಾರಾದರೂ ಬರಲಿ ಎಂಬಂತೆ. ಹೊರಗೆ ಸರೋವರದ ಮೇಲೆ ಮತ್ತೊಂದು ಹಲಗೆ ಮುರಿಯಿತು. ಕಮ್‌ಷಾತ್ ಬಟ್ಟಲನ್ನು ಎತ್ತಲಿಲ್ಲ, ಎತ್ತಿದರೆ ಚೆಲ್ಲುತ್ತಿತ್ತು. ಮೇಜಿಗೆ ಬಾಗಿ, ಕೋಟಿನ ಗುಂಡಿಗಳು ಅಂಚಿಗೆ ತಾಗುತ್ತಿರಲು, ಅದು ಇದ್ದಲ್ಲೇ ತುಟಿ ಇಟ್ಟು ಒಂದು ಸಣ್ಣ ಗುಟುಕು ಎಳೆದಳು. ಕಹಿಯಿದೆಯೇ ಎಂದು ನಾಲಿಗೆಯ ಮೇಲೆ ಹಿಡಿದು ನೋಡಿದಳು. ಕಡು ಚಹಾ ಹೇಗೂ ಕಹಿಯೇ. ಬಟ್ಟಲು ಖಾಲಿಯಾಗುವವರೆಗೆ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ. ಅವಳು ಇನ್ನೊಂದು ಗುಟುಕು ಎಳೆದಳು, ಮೊದಲಿನದಕ್ಕಿಂತ ಚಿಕ್ಕದು.